ಮನಿಮಂದಿ ಅಂದರೆ ಯಾರ್ಯಾರು?

ಕಲಬುರಗಿಯಲ್ಲಿ ಪರಿಚಯದವರು ಇಬ್ಬರು ಎದುರಾದರೆ ಮಾತು ಶುರುವಾಗುವುದು ಹೆಚ್ಚುಕಡಿಮೆ ಒಂದೇ ರೀತಿ. "ಹ್ಯಾಂಗಿದ್ದೀರ್ರಿ? ಮನಿ ಕಡಿ ಎಲ್ಲಾ ಆರಾಮಾ?" ಸೂಪರ್ ಮಾರ್ಕೆಟ್‌ನ ಗದ್ದಲವಿರಲಿ, ಶರಣಬಸವೇಶ್ವರ ಗುಡಿಯ ಅಂಗಳವಿರಲಿ, ಈ ಪ್ರಶ್ನೆ ಆಗದೆ ಮುಂದಿನ ಮಾತಿಲ್ಲ. ಕೇಳುವವರಿಗೆ ನಮ್ಮ ಮನೆಯಲ್ಲಿ ಯಾರ್ಯಾರು ಇದ್ದಾರೆ ಅಂತ ಗೊತ್ತಿರಬೇಕು ಅಂತೇನಿಲ್ಲ. ಯಾರಿದ್ದಾರೋ ಅವರೆಲ್ಲ ಚೆನ್ನಾಗಿದ್ದಾರಾ ಅನ್ನುವುದಷ್ಟೇ ಪ್ರಶ್ನೆ.

"ನಿಮ್ಮ ಕುಟುಂಬ ಹೇಗಿದೆ?" ಅಂತ ಇಲ್ಲಿ ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ. ಕುಟುಂಬ ಅನ್ನುವ ಪದ ನಮ್ಮ ಕಡೆ ಕಾಗದದ ಮೇಲೆ ವಾಸ ಮಾಡುತ್ತದೆ. ಕುಟುಂಬ ಯೋಜನೆಯ ಗೋಡೆಬರಹ, ಪಡಿತರ ಚೀಟಿ, ನಾಡಕಚೇರಿಯ ವಂಶವೃಕ್ಷ, ಮದುವೆ ಕಾರ್ಡಿನ "ಸಹಕುಟುಂಬ ಸಪರಿವಾರ". ಯಾವ ಮನೆಗೆ ಯಾವ ಸರ್ಕಾರಿ ಯೋಜನೆ ಸಿಗಬೇಕು ಅಂತ ನೋಡಲು ರಾಜ್ಯ ಸರ್ಕಾರ ಕಟ್ಟಿರುವ ಮಾಹಿತಿ ವ್ಯವಸ್ಥೆಯ ಹೆಸರೇ "ಕುಟುಂಬ". ಬಾಯಿಮಾತಿಗೆ ಬಂದರೆ ಪದ ಬೇರೆ. ಅದು ಮನಿಮಂದಿ.

ಈ ಎರಡು ಪದ ಒಂದೇ ಅರ್ಥದವು ಅಂತ ಬಹಳ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕುಟುಂಬಕ್ಕಿಂತ ಮನಿಮಂದಿ ದೊಡ್ಡದು. ಕಾಗದದ ಪದವೇ ಬಾಯಿಗೂ ಬಂದು ಕೂತರೆ ಕೆಲವರು ಸದ್ದಿಲ್ಲದೆ ಲೆಕ್ಕದಿಂದ ಹೊರಗೆ ಹೋಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿರುವ ಮಂದಿ ಮನೆಮಂದಿ. ಇದರಲ್ಲಿ ರಕ್ತದ ಮಾತಿಲ್ಲ, ಮದುವೆಯ ಮಾತಿಲ್ಲ, ಜಾತಿಯದ್ದಂತೂ ಇಲ್ಲವೇ ಇಲ್ಲ. ಮನೆ ಅನ್ನುವ ಪದ ದ್ರಾವಿಡ ಭಾಷೆಗಳ 'ಮನ್' ಅನ್ನುವ ಬೇರಿನಿಂದ ಬಂದದ್ದು. ನೆಲೆಸು, ಉಳಿ ಅಂತ ಅದರ ಅರ್ಥ. ಅಂದರೆ ಉಳಿದುಕೊಂಡವರೆಲ್ಲ ಮನಿಮಂದಿ.

ನಮ್ಮ ಸೀಮೆಯ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಇಲ್ಲಿ ಭಾಷೆಗಳು ಒಂದರ ಮಗ್ಗಲಿಗೆ ಒಂದು ಕೂತಿವೆ. ಕಲಬುರಗಿಯ ದಖನಿ ಮಾತಾಡುವ ಮನೆಗಳಲ್ಲಿ "ಘರ್ ಕೇ ಲೋಗಾಂ" ಅನ್ನುತ್ತಾರೆ. ಬೀದರ್ ಕಡೆಯ ಮರಾಠಿ ಮನೆಗಳಲ್ಲಿ "ಘರಚೀ ಮಂಡಳಿ". ಸೇಡಂ ಆಚೆ ತೆಲುಗು ಶುರುವಾದಲ್ಲಿ "ಇಂಟಿವಾಳ್ಳು". ಯಾವ ಭಾಷೆಗೆ ಹೋದರೂ ಮೊದಲು ಮನೆ, ಆಮೇಲೆ ಅದರೊಳಗಿನ ಜನ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರೋ, ಎಲ್ಲರಿಗೂ ತಾವಾಗೇ ಹಾಗೆ ತೋಚಿತೋ, ನಾಲ್ಕೂ ಮಾತು ಒಂದೇ ಬಾಗಿಲಿಗೆ ಬಂದು ನಿಂತಿವೆ.

ಉಳಿದ ಪದಗಳಿಗೆ ಒಂದೊಂದು ಬೇರೆ ಕೆಲಸವಿದೆ. "ಸಂಸಾರ ಹ್ಯಾಂಗ ನಡದದ?" ಅಂದರೆ ಮನೆ ನಡೆಸುವ ಭಾರದ ವಿಚಾರ. ಸಾಲಸೋಲ, ಮಕ್ಕಳ ಫೀಸು, ತೊಗರಿಗೆ ಬಂದ ರೇಟು ಎಲ್ಲ ಅದರಲ್ಲಿ ಬರುತ್ತದೆ. "ಮನಿತನ ಎಂಥದ್ದು?" ಅನ್ನುವುದು ಹೆಣ್ಣು-ಗಂಡು ನೋಡುವಾಗಿನ ಪ್ರಶ್ನೆ. ಹೊಲ ಎಷ್ಟು, ನಡತೆ ಹೇಗೆ, ಹಿರಿಯರು ಯಾರು ಅಂತ ಅಳೆಯುವ ಪದ ಅದು. ಖಾನದಾನ ಅಂದರೂ ಅದೇ ಅಳತೆ, ಸ್ವಲ್ಪ ಠೀವಿ ಜಾಸ್ತಿ. ಒಂದೇ ತಂದೆಯ ಬುಡದಿಂದ ಕವಲೊಡೆದ ಮನೆಗಳೆಲ್ಲ ಸೇರಿ ಅಣ್ಣತಮ್ಮಕಿ. ರಕ್ತದ ಎಳೆಯನ್ನೇ ಹೇಳಬೇಕಾದಾಗ ಕಳ್ಳುಬಳ್ಳಿ. ಕರುಳು ಮತ್ತು ಬಳ್ಳಿ ಎರಡನ್ನೂ ಒಂದೇ ಪದದಲ್ಲಿ ಕಟ್ಟಿದವರು ಯಾರೋ, ಅವರಿಗೆ ಕೈ ಮುಗಿಯಬೇಕು.

ಇನ್ನು ಫ್ಯಾಮಿಲಿ. "ಫ್ಯಾಮಿಲಿ ಕರ್ಕೊಂಡು ಬಂದಿಲ್ಲೇನ್ರಿ?" ಅಂತ ಕೇಳಿದರೆ ಹೆಂಡತಿಯನ್ನು ಅಂತಲೇ ಅರ್ಥ. ಊಟದ ಹೋಟೆಲುಗಳ "ಫ್ಯಾಮಿಲಿ ರೂಮ್" ಅಂದರೆ ಹೆಂಗಸರು ಜೊತೆಗಿದ್ದವರು ಕೂರುವ ಜಾಗ. ಹಳೆಯ ತಲೆಮಾರಿನ ಗಂಡಸರು ಹೆಂಡತಿಯ ಹೆಸರು ಹೇಳದೆ "ನಮ್ಮ ಮನ್ಯಾಗ ಕೇಳಿ ಹೇಳ್ತೀನ್ರಿ" ಅನ್ನುತ್ತಿದ್ದರು. ಮನೆ ಅಂದರೆ ಹೆಂಡತಿ, ಫ್ಯಾಮಿಲಿ ಅಂದರೂ ಹೆಂಡತಿ. ಹಳೇ ಮೈಸೂರು ಕಡೆ "ನನ್ನ ಸಂಸಾರ" ಅಂದಾಗಲೂ ಎಷ್ಟೋ ಸಲ ಹೆಂಡತಿಯೇ. ಇಡೀ ಮನೆಯ ಹೆಸರನ್ನು ಒಬ್ಬಳ ಮೇಲೆ ಹೊರಿಸಿದ್ದಾರೆ ನೋಡಿ. ಆದರೆ ಅದೇ ಮನೆಯ ಆಸ್ತಿಯ ಮಾತು ಬಂದಾಗ ಅವಳ ಹೆಸರು ಎಲ್ಲಿತ್ತು? ಆ ಮಾತಿಗೆ ಆಮೇಲೆ ಬರುತ್ತೇನೆ.

ಒಕ್ಕಲು ಅನ್ನುವ ಪದವನ್ನು ಮಾತ್ರ ಹಾಗೇ ದಾಟಿ ಹೋಗಲು ಮನಸ್ಸಿಲ್ಲ. ಹಳಗನ್ನಡದಿಂದಲೂ ಅದಕ್ಕೆ ಮನೆ ಮಾಡಿಕೊಂಡಿರುವುದು, ಬೇಸಾಯ ಮಾಡುವುದು, ಬೇಸಾಯದ ಮನೆತನ ಎಲ್ಲವೂ ಅರ್ಥ. ಊರಿನಲ್ಲಿ ಎಷ್ಟು ಒಕ್ಕಲು ಅಂದರೆ ಎಷ್ಟು ಮನೆ ಅಂತ. ಒಕ್ಕಲುತನ ಅಂದರೆ ರೈತಾಪಿ ಕೆಲಸ. ಸಂಸ್ಕೃತದ ಕುಟುಂಬವೂ ಹೀಗೇ ಮಣ್ಣಿಗೆ ಅಂಟಿಕೊಂಡದ್ದು. 'ಕುಟುಂಬಿನ್' ಅಂದರೆ ಮನೆವಂತ, ಬೇಸಾಯಗಾರ. ಮರಾಠಿಯ ಕುಣಬಿ ಆ ಪದದಿಂದಲೇ ಬಂದದ್ದು ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಕೂಡಿ ದುಡಿದು ಕೂಡಿ ಉಣ್ಣುವ ಗುಂಪಿಗೆ ಇಟ್ಟ ಹೆಸರುಗಳು ಇವು.

ನಾನು ಹುಟ್ಟಿ ಬೆಳೆದದ್ದು ಕಾಗಿಣಾ ದಂಡೆಯ ಒಂದು ಊರಲ್ಲಿ. ನಮ್ಮ ಮನೆಯಲ್ಲಿ ಒಬ್ಬ ಚಿಗವ್ವ ಇದ್ದಳು. ಚಿಗವ್ವ ಅಂದರೆ ಅವ್ವನ ತಂಗಿ. ಆದರೆ ಆಕೆ ನಮ್ಮವ್ವನ ತಂಗಿ ಅಲ್ಲ. ಅಪ್ಪನ ಕಡೆಯವಳೂ ಅಲ್ಲ. ನಾನು ಹುಟ್ಟುವ ಮೊದಲೇ, 1972ರ ಬರದಲ್ಲಿ, ಕೂಲಿ ಹುಡುಕಿಕೊಂಡು ನಡೆದು ಹೊರಟವರ ಜೊತೆ ನಮ್ಮೂರಿಗೆ ಬಂದಿದ್ದಳಂತೆ. ಜ್ವರ ಬಂದು ಮಲಗಿದಳು. ಜೊತೆಗಿದ್ದವರು ಮುಂದೆ ಹೋದರು. ನಮ್ಮಜ್ಜಿ ಗಂಜಿ ಕುಡಿಸಿದರು. ಜ್ವರ ಬಿಟ್ಟ ಮೇಲೆ ಆಕೆ ಎದ್ದು ರೊಟ್ಟಿ ಬಡಿಯಲು ಕೂತಳು. ಆಮೇಲೆ ಎಲ್ಲಿಗೂ ಹೋಗಲಿಲ್ಲ. ಆ ಬರದ ಕಥೆಯನ್ನು ನಮ್ಮ ಮನೆಯಲ್ಲಿ ಯಾರು ಹೇಳಿದರೂ ಕೊನೆಗೆ ಬರುವುದು ಚಿಗವ್ವ ಸಿಕ್ಕಳು ಅನ್ನುವಲ್ಲಿಗೇ.

ನಾವು ಮಕ್ಕಳಿಗೆ ಆಕೆ ಬೇರೆಯವಳು ಅಂತ ಗೊತ್ತೇ ಇರಲಿಲ್ಲ. ನನ್ನ ತಲೆ ಬಾಚಿದವಳು, ಪುಂಡಿಪಲ್ಯ ತಿನ್ನಲು ಕಲಿಸಿದವಳು, ಶಾಲೆಗೆ ಹೋಗುವಾಗ ರೊಟ್ಟಿಗೆ ಶೇಂಗಾ ಹಿಂಡಿ ಸುತ್ತಿ ಕೊಟ್ಟವಳು ಆಕೆಯೇ. ಅಪ್ಪ ಸಿಟ್ಟಿಗೆದ್ದಾಗ ಎದುರು ಮಾತಾಡುವ ಧೈರ್ಯ ಇದ್ದದ್ದೂ ಆಕೆಗೊಬ್ಬಳಿಗೇ.

ಪಡಿತರ ಚೀಟಿ ಹೊಸದಾಗಿ ಮಾಡಿಸುವಾಗ ಸಂಬಂಧ ಅನ್ನುವ ಕಾಲಂ ಬಂತು. ಬರೆದುಕೊಳ್ಳುವವರು ಕೇಳಿದರು, "ಈಕಿ ನಿಮಗೇನಾಗಬೇಕ್ರಿ?" ಅಪ್ಪ ಒಂದು ಕ್ಷಣವೂ ತಡಮಾಡದೆ ಹೇಳಿದರು, "ತಂಗಿ ಅಂತ ಬರ್ಕೋರಿ." ಆಕೆಯ ಕಡೆ ಯಾವ ಕಾಗದವೂ ಇರಲಿಲ್ಲ. ಹುಟ್ಟಿದ ದಿನವೂ ಗೊತ್ತಿರಲಿಲ್ಲ. ಹಾಗಾಗಿ ಕೊನೆಗೆ ಆಕೆಯ ಹೆಸರು ಚೀಟಿಯಲ್ಲಿ ಬರಲೇ ಇಲ್ಲ. ಮನೆಯ ಲೆಕ್ಕದಲ್ಲಿ ಆಕೆ ಇದ್ದಳು, ಕುಟುಂಬದ ಲೆಕ್ಕದಲ್ಲಿ ಇರಲಿಲ್ಲ. ಆಕೆ ತೀರಿಕೊಂಡಾಗ ಮೊದಲು ಮಣ್ಣು ಕೊಟ್ಟವರು ನಮ್ಮಪ್ಪ. ಊರಲ್ಲಿ ಯಾರೂ "ನಿನಗೇನಾಗಬೇಕು" ಅಂತ ಕೇಳಲಿಲ್ಲ. ಅಣ್ಣತಮ್ಮಕಿಯವರೆಲ್ಲ ಮಣ್ಣಿಗೆ ಬಂದಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. "ನಮ್ಮನಿ ಮಂದಿ ಇದ್ದಂಗ" ಅನ್ನುವ ಮಾತನ್ನು ಕೆಟ್ಟದಾಗಿ ಬಳಸುವವರೂ ಇದ್ದಾರೆ. ಮನೆಗೆಲಸಕ್ಕೆ ಒಂದು ಹುಡುಗಿಯನ್ನು ತಂದಿಟ್ಟುಕೊಂಡು, ಸಂಬಳ ಕೊಡದೆ, ಶಾಲೆಗೂ ಕಳಿಸದೆ, "ಮನಿ ಮಗಳ ಹಂಗ ನೋಡ್ಕೋತೀವಿ" ಅನ್ನುತ್ತಾರೆ. ಹೊಲದ ಸಂಬಳದಾಳಿಗೆ "ನೀ ನಮ್ಮನಿ ಮಗ ಇದ್ದಂಗ" ಅಂತ ಹೇಳಿ ಊಟವನ್ನು ಹೊರಗಿನ ಕಟ್ಟೆಯ ಮೇಲೆ ಇಡುತ್ತಾರೆ. ಅದು ಮನಿಮಂದಿ ಅಲ್ಲ. ನನ್ನ ಮಟ್ಟಿಗೆ ಇದಕ್ಕೊಂದು ಸರಳ ಪರೀಕ್ಷೆ ಇದೆ. ಮನೆಯ ಕೀಲಿಕೈ ಅವರ ಕೈಗೆ ಸಿಗುತ್ತದಾ? ಬೇಡ ಅನ್ನುವ ಹಕ್ಕು ಅವರಿಗಿದೆಯಾ? ಅಡುಗೆ ಮನೆಯೊಳಗೆ ಎಲ್ಲರ ಸಾಲಲ್ಲಿ ಕೂತು ಉಣ್ಣುತ್ತಾರಾ? ಜೋಳ ತುಂಬಿಟ್ಟ ಕೋಣೆಯ ಕೀಲಿಕೈ ನಮ್ಮ ಚಿಗವ್ವನ ಸೊಂಟದಲ್ಲೇ ಇರುತ್ತಿತ್ತು. ಅದಕ್ಕೇ ನಾನು ಆಕೆಯನ್ನು ಮನಿಮಂದಿ ಅನ್ನುತ್ತೇನೆ.

ಯಾರು ಕುಟುಂಬ, ಯಾರು ಅಲ್ಲ ಅನ್ನುವ ಪ್ರಶ್ನೆಗೆ ಭಾರತದ ಬಹುಪಾಲು ಭಾಗ ಸುಮಾರು 900 ವರ್ಷದಿಂದ ಒಪ್ಪಿಕೊಂಡು ಬಂದ ಉತ್ತರ ಬರೆದದ್ದು ನಮ್ಮ ಕಡೆಯಲ್ಲೇ. ಈ ಸಂಗತಿ ಇಲ್ಲಿನ ಎಷ್ಟೋ ಓದಿದವರಿಗೂ ಗೊತ್ತಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಬರೀ ಕಲ್ಯಾಣ. ಚಾಲುಕ್ಯ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಅಲ್ಲಿಂದ ಆಳಿದ. ಅವನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿ ಅನ್ನುವ ಹಳೇ ಧರ್ಮಶಾಸ್ತ್ರಕ್ಕೆ 'ಮಿತಾಕ್ಷರ' ಅನ್ನುವ ವ್ಯಾಖ್ಯಾನ ಬರೆದ. ಕಲಬುರಗಿ ಹತ್ತಿರದ ಮರತೂರು ಅವನ ಊರು ಅಂತ ನಮ್ಮಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಕಲ್ಯಾಣದಂಥ ಪಟ್ಟಣ ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರುವುದಿಲ್ಲ ಅಂತ ಪುಸ್ತಕದ ಕೊನೆಯಲ್ಲಿ ಅವನೇ ಬರೆದುಕೊಂಡಿದ್ದಾನೆ.

ಬಂಗಾಳದ ಕಡೆ ಬಿಟ್ಟು ಉಳಿದೆಡೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ವಿಚಾರಕ್ಕೆ ಕೋರ್ಟುಗಳು ಹಿಡಿದದ್ದು ಈ ಮಿತಾಕ್ಷರವನ್ನೇ. 1810ರಲ್ಲಿ ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಅದರ ದಾಯಭಾಗದ, ಅಂದರೆ ಆಸ್ತಿ ಪಾಲಿನ, ಅಧ್ಯಾಯವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳಿಗೂ ಅದೇ ಆಧಾರವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು ಬರುತ್ತದೆ ಅನ್ನುವುದು ಅದರ ಮುಖ್ಯ ಮಾತು.

ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು. ಸಪಿಂಡರು, ಅಂದರೆ ಶಾಸ್ತ್ರದ ಲೆಕ್ಕದಲ್ಲಿ ಹತ್ತಿರದ ಸಂಬಂಧಿಕರು, ಯಾರು ಅನ್ನುವುದಕ್ಕೆ ಬಂಗಾಳದ ಪಂಥದವರು ಶ್ರಾದ್ಧದ ಅನ್ನದ ಪಿಂಡವನ್ನು ಹಿಡಿದು ಹೇಳಿದರು. ವಿಜ್ಞಾನೇಶ್ವರ ಪಿಂಡ ಅಂದರೆ ದೇಹ ಅಂದ. ಒಂದೇ ದೇಹದ ಅಂಶ ಯಾರ್ಯಾರಲ್ಲಿ ಹರಿದಿದೆಯೋ ಅವರೆಲ್ಲ ಸಪಿಂಡರು. ನಮ್ಮ ಕಳ್ಳುಬಳ್ಳಿಯೂ ಅದನ್ನೇ ಹೇಳುತ್ತದೆ ಅಲ್ವಾ? ತಂದೆಯಷ್ಟೇ ತಾಯಿಯ ದೇಹವೂ ಅವನ ಲೆಕ್ಕದಲ್ಲಿತ್ತು. ಗಂಡ-ಹೆಂಡತಿ? ಇಬ್ಬರೂ ಸೇರಿ ಒಂದು ದೇಹಕ್ಕೆ, ಅಂದರೆ ಮಗುವಿಗೆ, ಕಾರಣರಾಗುತ್ತಾರೆ, ಹಾಗಾಗಿ ಅವರೂ ಸಪಿಂಡರು. ಅಷ್ಟಕ್ಕೇ ನಿಲ್ಲದೆ ಅಣ್ಣತಮ್ಮಂದಿರ ಹೆಂಡಿರನ್ನೂ ಅವನು ಅದೇ ತರ್ಕದಿಂದ ಒಳಗೆ ತಂದ. ನೆಗೆಣ್ಣಿಯರೂ ಒಬ್ಬರಿಗೊಬ್ಬರು ಸಪಿಂಡರು! ಒಂದೇ ಅಡುಗೆ ಮನೆಯಲ್ಲಿ ಬೆಳಗ್ಗೆ ಜಗಳವಾಡಿ ಮಧ್ಯಾಹ್ನ ಒಟ್ಟಿಗೆ ರೊಟ್ಟಿ ಬಡಿಯುವ ಇಬ್ಬರು ನೆಗೆಣ್ಣಿಯರನ್ನು ನೋಡಿದವರಿಗೆ, ಅವನು ಎಂಥ ಮನೆಗಳನ್ನು ಕಂಡು ಬರೆದಿರಬೇಕು ಅಂತ ಅಂದಾಜಾಗುತ್ತದೆ. ಆದರೆ ಎಷ್ಟು ಅಗಲ ಮಾಡಿದರೂ ಇದು ದೇಹದ ಲೆಕ್ಕ. ಇದರಲ್ಲಿ ನಮ್ಮ ಚಿಗವ್ವನಿಗೆ ಜಾಗವಿಲ್ಲ.

ಎರಡನೇ ಉತ್ತರ ಬಂದದ್ದೂ ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ನಂತರ. 12ನೇ ಶತಮಾನದ ನಡುವೆ ಬಸವಣ್ಣ ಹೇಳಿದ:

ಅಪ್ಪನು ನಮ್ಮ ಮಾದಾರ ಚೆನ್ನಯ್ಯ,
ಬೊಪ್ಪನು ನಮ್ಮ ಡೋಹರ ಕಕ್ಕಯ್ಯ

ಚಿಕ್ಕಪ್ಪ, ಅಣ್ಣ ಅಂತ ಇದೇ ವಚನ ಮುಂದುವರಿಯುತ್ತದೆ. ಅಣ್ಣ ಅಂದದ್ದು ಕಿನ್ನರ ಬೊಮ್ಮಯ್ಯನನ್ನು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಮಂತ್ರಿ ಒಬ್ಬ ಮಾದಾರನನ್ನು ಅಪ್ಪ ಅಂದ. ಗೌರವಕ್ಕೆ ಗುರು ಅನ್ನಬಹುದಿತ್ತು, ಶರಣ ಅನ್ನಬಹುದಿತ್ತು. ಅವನು ಬೇಕೆಂದೇ ಮನೆಯ ಪದಗಳನ್ನು ಎತ್ತಿಕೊಂಡ. ದೇಹದ ಲೆಕ್ಕದಲ್ಲಿ ಯಾವುದು ಸಾಧ್ಯವಿರಲಿಲ್ಲವೋ ಅದನ್ನು ಅಪ್ಪ, ಅಣ್ಣ ಅನ್ನುವ ಪದಗಳಿಂದ ಮಾಡಿದ. "ಇವನಾರವ" ವಚನವನ್ನು ಎಲ್ಲರೂ ಹೇಳುತ್ತಾರೆ. "ಇವ ನಮ್ಮವ" ಅನ್ನುವಲ್ಲಿಗೆ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಅದರ ಕೊನೆಯ ಸಾಲು "ನಿಮ್ಮ ಮನೆಯ ಮಗನೆಂದೆನಿಸಯ್ಯಾ". ನಮ್ಮವ ಅನ್ನಿಸಿಕೊಂಡರೆ ಅವನಿಗೆ ಸಾಲಲಿಲ್ಲ. ಮನೆಯ ಮಗ ಆಗಬೇಕಿತ್ತು.

ಇದು ಮಾತಿನಲ್ಲೇ ಉಳಿಯಲಿಲ್ಲ. ಶರಣರ ಚರಿತ್ರೆ ಹೇಳುವಂತೆ, ಚಪ್ಪಲಿ ಹೊಲಿಯುವ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಹರಳಯ್ಯ, ಮಧುವರಸ ಬೀಗರಾದರು. ಒಂದೇ ದೇವರು ಅಂದಾಗ ಸಹಿಸಿಕೊಂಡಿದ್ದ ಊರು ಬೀಗರು ಅಂದಾಗ ಸಹಿಸಲಿಲ್ಲ. ಇಬ್ಬರನ್ನೂ ಎಳೆಹೂಟೆಗೆ ಹಾಕಿ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿ, ಕೊಂದರು, ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚೆದುರಿ ಹೋದರು. ಯಾರು ಯಾರ ಮನಿಮಂದಿ ಅನ್ನುವುದಕ್ಕಾಗಿ ಪ್ರಾಣ ಹೋದ ಜಾಗ ಅದು. ಬಸವಕಲ್ಯಾಣಕ್ಕೆ ಹೋದಾಗಲೆಲ್ಲ ನನ್ನ ತಲೆಯಲ್ಲಿ ಈ ಇಬ್ಬರು ಬೀಗರೇ ಇರುತ್ತಾರೆ. ಈಗಲೂ ನಮ್ಮಲ್ಲಿ ಜಾತಿ ದಾಟಿ ಮದುವೆಯಾದ ಮಕ್ಕಳಿಗೆ "ನೀ ನಮ್ಮನಿಯವಳೇ ಅಲ್ಲ" ಅನ್ನುವ ಮನೆಗಳಿವೆ. ವಚನ ಹಾಡುವ ಮನೆಗಳಲ್ಲೂ ಇವೆ. ಇದನ್ನು ನೋಡಿ ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ.

ಈ ಎರಡು ಉತ್ತರಗಳ ನಡುವೆ ನಮ್ಮ ಜನ ಮಾಡಿಕೊಂಡಿರುವ ಮೂರನೇ ಅಳತೆ ಒಂದಿದೆ. ಅದು ಒಲೆ. "ಅವರು ಬ್ಯಾರಿ ಆದ್ರು" ಅಂದರೆ ಅಣ್ಣತಮ್ಮಂದಿರು ಪಾಲಾದರು ಅಂತ. ಹೊಲದ ಪಾಲು ಆಮೇಲೆ, ಪಹಣಿಯಲ್ಲಿ ಹೆಸರು ಏರುವುದು ಇನ್ನೂ ಆಮೇಲೆ. ಮೊದಲು ಆಗುವುದು ಒಲೆ ಬೇರೆ. ಮದುವೆಗೆ ಕರೆಯಲು ಬಂದವರು ಮನೆಯಲ್ಲಿ ಒಬ್ಬರನ್ನೂ ಬಿಡದೆ ಕರೆಯಬೇಕಾದರೆ "ಮನಿಮಂದೆಲ್ಲಾ ಬರಬೇಕ್ರಿ, ಅವತ್ತು ಒಲಿ ಹಚ್ಚಬ್ಯಾಡ್ರಿ" ಅನ್ನುತ್ತಾರೆ. ಸಹಕುಟುಂಬ ಸಪರಿವಾರ ಅಂತ ಕಾರ್ಡಿನಲ್ಲಿ ಎಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರೂ ಈ ಮಾತಿನ ತೂಕ ಬರುವುದಿಲ್ಲ. ಕೋರ್ಟಿನಲ್ಲಿ ಮಾತ್ರ ಒಲೆ ಸಾಕಾಗುವುದಿಲ್ಲ. ಬೇರೆ ಬೇರೆ ಅಡುಗೆ ಮಾಡಿಕೊಂಡು ಉಂಡ ಮಾತ್ರಕ್ಕೆ ಅವಿಭಕ್ತ ಕುಟುಂಬ ಪಾಲಾಯಿತು ಅಂತ ಹೇಳಲು ಬರುವುದಿಲ್ಲ ಅನ್ನುವುದು ನ್ಯಾಯಾಲಯಗಳು ಒಪ್ಪಿದ ಮಾತು. ಊರಿನ ಕಣ್ಣಿಗೆ ಬೇರೆಯಾದವರು ಕಾನೂನಿನ ಕಣ್ಣಿಗೆ ವರ್ಷಗಟ್ಟಲೆ ಒಂದೇ ಆಗಿರಬಹುದು.

ಮತ್ತೆ ಹೆಣ್ಣುಮಕ್ಕಳು? "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಅಂತ ಗಾದೆ ಇದೆ. ಈ ಗಾದೆ ನನಗೆ ಯಾವತ್ತೂ ಇಷ್ಟವಾಗಿಲ್ಲ. ಮದುವೆಯಾದ ಮರುದಿನದಿಂದ ಹುಟ್ಟಿದ ಮನೆ ತವರು ಮನಿ ಆಗುತ್ತದೆ, ಸೇರಿದ ಮನೆ ಗಂಡನ ಮನಿ ಆಗುತ್ತದೆ. ಎರಡು ಮನೆಯ ಹೆಸರಲ್ಲೂ ನನ್ನದು ಅನ್ನುವುದು ಇಲ್ಲ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕಾನೂನೂ ಆ ಗಾದೆಯನ್ನೇ ನಂಬಿತ್ತು ಅನ್ನಿ. 2005ರ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. 2020ರಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಬಂದ ದಿನ ತಂದೆ ಬದುಕಿರಲಿ ಬಿಡಲಿ ಮಗಳಿಗೆ ಈ ಹಕ್ಕು ಇದೆ ಅಂತ ಸ್ಪಷ್ಟ ಮಾಡಿತು. ಮರತೂರಿನ ವಿಜ್ಞಾನೇಶ್ವರ ಮಗನಿಗೆ ಮಾತ್ರ ಅಂದದ್ದು ಮಗಳಿಗೂ ಅಂತಾಗಲು ಅಷ್ಟು ಶತಮಾನ ಬೇಕಾಯಿತು.

ಊರಲ್ಲಿ ಈಗ ನಡೆಯುವುದೇನು? ಪಾಲಿನ ಮಾತು ಬಂದಾಗ ಅಕ್ಕತಂಗಿಯರನ್ನು ಕರೆಸುತ್ತಾರೆ. ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸುತ್ತಾರೆ. "ತವರು ಬೇಕೋ, ಹೊಲ ಬೇಕೋ?" ಅಂತ ಯಾರಾದರೂ ಒಬ್ಬರು ಹಿರಿಯರು ಕೇಳುತ್ತಾರೆ. ಎಂಥ ಪ್ರಶ್ನೆ ಇದು! ಅದೇ ಪ್ರಶ್ನೆಯನ್ನು ಅಣ್ಣನಿಗೆ ಯಾರೂ ಕೇಳುವುದಿಲ್ಲ. ಸಂತೋಷದಿಂದ ಬಿಟ್ಟುಕೊಟ್ಟವರನ್ನು ನಾನು ಕಂಡಿದ್ದೇನೆ, ಅವರ ಬಗ್ಗೆ ನನ್ನ ಮಾತಿಲ್ಲ. ಆದರೆ ಪಾಲು ಕೇಳಿದವಳು ಮನಿಮಂದಿ ಆಗಿ ಉಳಿಯುವುದಿಲ್ಲ ಅಂತ ಹೆದರಿಸುವುದು ಆ ಪದಕ್ಕೆ ಮಾಡುವ ದೊಡ್ಡ ದ್ರೋಹ. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಸಜ್ಜಿ ಕಡುಬು, ಭಜ್ಜಿ, ಅಂಬಲಿ ಇಟ್ಟು ಪೂಜೆ ಮಾಡಿ, ಭೂಮಿಗೆ ಚರಗ ಚೆಲ್ಲುವಾಗ ಮಗಳೂ ಬೇಕು, ಅಳಿಯನೂ ಬೇಕು, ಆಫೀಸಿನ ಗೆಳೆಯರೂ ಪಕ್ಕದ ಮನೆಯ ಚಾಚಾನೂ ಬೇಕು. ಅವತ್ತು ಕಲಬುರಗಿಯ ಬೀದಿಗಳು ಖಾಲಿ ಆಗುತ್ತವೆ, ಅರ್ಧ ಊರು ಯಾರದೋ ಹೊಲದಲ್ಲಿ ಉಣ್ಣುತ್ತಿರುತ್ತದೆ. ಹೊಲದಲ್ಲಿ ಉಣ್ಣಲು ಮನಿಮಂದಿಯಾದ ಮಗಳು ಹೊಲದ ಪಹಣಿಯಲ್ಲಿ ಯಾಕೆ ಮನಿಮಂದಿ ಅಲ್ಲ?

ಸರ್ಕಾರದ ಕಾಗದಗಳಲ್ಲೂ ಒಂದೇ ಅರ್ಥ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸನ್ನೇ ಮುಖ್ಯಸ್ಥೆ ಮಾಡಿತು. 2023ರಲ್ಲಿ ಗೃಹಲಕ್ಷ್ಮಿ ಬಂದು ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಅಂದಾಗ, ಯಜಮಾನಿ ಅತ್ತೆಯೋ ಸೊಸೆಯೋ ಅನ್ನುವ ಮಾತು ಮನೆಮನೆಯಲ್ಲೂ ಎದ್ದಿತು. ಅಲ್ಲಿಯವರೆಗೆ ಯಜಮಾನ ಅಂದರೆ ಗಂಡಸೇ ಅಂದುಕೊಂಡಿದ್ದ ಮನೆಗಳಲ್ಲಿ ಆ ಪದ ಹೆಣ್ಣಿನ ರೂಪದಲ್ಲಿ ದಿನಬಳಕೆಗೆ ಬಂತು. ನನಗೆ ಅದು ಸಣ್ಣ ಸಂಗತಿ ಅಲ್ಲ.

2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸ ಕೊಟ್ಟದ್ದು ಒಬ್ಬೊಬ್ಬರಿಗಲ್ಲ, ಒಂದು ಕುಟುಂಬಕ್ಕೆ. ಕುಟುಂಬ ಯಾವುದು ಅನ್ನುವುದನ್ನೂ ಅದು ಬರೆದಿತ್ತು. ರಕ್ತ, ಮದುವೆ ಅಥವಾ ದತ್ತಕದ ಸಂಬಂಧ ಇರಬೇಕು, ಜೊತೆಗೆ ಸಾಮಾನ್ಯವಾಗಿ ಕೂಡಿ ಇದ್ದು ಕೂಡಿ ಉಣ್ಣಬೇಕು ಅಥವಾ ಒಂದೇ ಪಡಿತರ ಚೀಟಿ ಇರಬೇಕು. ದುಡಿಯುವ ಕೈ ಜಾಸ್ತಿ ಇದ್ದ ದೊಡ್ಡ ಮನೆಗೂ ಅಷ್ಟೇ ದಿನ, ಇಬ್ಬರಿದ್ದ ಮನೆಗೂ ಅಷ್ಟೇ ದಿನ. ಹೀಗಾದರೆ ಕೂಡಿದ ಮನೆ ಕೂಡಿ ಉಳಿಯಲು ಏನು ಕಾರಣ ಉಳಿಯುತ್ತದೆ? ಕಾಗದಕ್ಕಾಗಿ ಬೇರೆಯಾದ ಮನೆಗಳಲ್ಲಿ ನಿಧಾನಕ್ಕೆ ಒಲೆಯೂ ಬೇರೆಯಾಗುತ್ತದೆ.

ಗುಳೆಯದ್ದು ಇನ್ನೊಂದು ಕಥೆ. ಯಾದಗಿರಿ, ಕಲಬುರಗಿ ಜಿಲ್ಲೆಗಳ ತಾಂಡಾಗಳಿಂದ, ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುವವರು ಲೆಕ್ಕವಿಲ್ಲದಷ್ಟು. ಊರಲ್ಲಿ ಮುತ್ಯಾ, ಆಯಿ, ಶಾಲೆಗೆ ಹೋಗುವ ಮಕ್ಕಳು. ಅಲ್ಲಿ ತಗಡಿನ ಶೆಡ್ಡಿನಲ್ಲಿ ಊರಿನ ನಾಲ್ಕು ಮನೆಯವರು ಕೂಡಿ ಒಂದೇ ಒಲೆ. ಸಂಜೆ ಫೋನು ಬಂದಾಗ ಮುತ್ಯಾ ಕೇಳುವುದು ಮಗನನ್ನೊಬ್ಬನನ್ನೇ ಅಲ್ಲ. "ಮಂದೆಲ್ಲಾ ಆರಾಮ ಅದಾರಾ?" ಅಂತ ಆ ಶೆಡ್ಡಿನ ಎಲ್ಲರನ್ನೂ ಕೇಳುತ್ತಾರೆ. ಮಗ ಕೆಲಸದಿಂದ ಇನ್ನೂ ಬಂದಿಲ್ಲದಿದ್ದರೆ ಆ ಶೆಡ್ಡಿನಲ್ಲಿ ಯಾರಿದ್ದಾರೋ ಅವರೇ ಮಗನ ಬದಲಿಗೆ ಉತ್ತರ ಕೊಡುತ್ತಾರೆ.

ಸರ್ಕಾರದ ಎಲ್ಲ ಲೆಕ್ಕಗಳಲ್ಲಿ ಮನಿಮಂದಿಗೆ ತೀರಾ ಹತ್ತಿರ ಬರುವುದು ಜನಗಣತಿಯ ಲೆಕ್ಕ. ಸಾಮಾನ್ಯವಾಗಿ ಕೂಡಿ ವಾಸಿಸುತ್ತಾ ಒಂದೇ ಅಡುಗೆ ಮನೆಯಲ್ಲಿ ಉಣ್ಣುವವರು ಒಂದು ಮನೆತನ, ಕೆಲಸದ ಅಡಚಣೆಯಿಂದ ಯಾರಾದರೂ ಕೂಡಿ ಉಣ್ಣಲು ಆಗದಿದ್ದರೂ ಸರಿ, ಅವರೂ ಅದರಲ್ಲೇ. ಅವರಲ್ಲಿ ಸಂಬಂಧ ಇರಲೇಬೇಕು ಅಂತಿಲ್ಲ. ಸಂಬಂಧಿಕರು, ಸಂಬಂಧವಿಲ್ಲದವರು, ಎರಡೂ ಸೇರಿದವರು, ಯಾರಾದರೂ ಆಗಬಹುದು. ಒಂದೇ ಸೂರಿನಡಿ ಎರಡು ಅಡುಗೆ ಮನೆ ಇದ್ದರೆ ಎರಡು ಲೆಕ್ಕ. ಅಂದರೆ ಇಷ್ಟು ದೊಡ್ಡ ದೇಶ ಎಣಿಸಲು ಕೂತಾಗ ಹಿಡಿದದ್ದು ನಮ್ಮ ಹಳ್ಳಿಯ ಒಲೆಯ ಅಳತೆಯನ್ನೇ. ಪಡಿತರ ಚೀಟಿಯಲ್ಲಿ ಇಲ್ಲದ, ವಂಶವೃಕ್ಷದಲ್ಲಿ ಇಲ್ಲದ ನಮ್ಮ ಚಿಗವ್ವ ಆ ಒಂದು ಲೆಕ್ಕದಲ್ಲಿ ಪೂರ್ತಿ ಮನಿಮಂದಿ. ಯಾವ ಕಾಗದವನ್ನೂ ತೋರಿಸಬೇಕಿರಲಿಲ್ಲ.

2011ರ ನಂತರದ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ನಿಮ್ಮ ಮನೆಗೆ ಎಣಿಸುವವರು ಬಂದಾಗ ದಯವಿಟ್ಟು ಪಡಿತರ ಚೀಟಿ ನೋಡಿಕೊಂಡು ಹೆಸರು ಹೇಳಬೇಡಿ. ನಿಮ್ಮ ಒಲೆಯ ಮೇಲೆ ಯಾರ್ಯಾರಿಗೆ ರೊಟ್ಟಿ ಬೇಯುತ್ತದೋ ಅವರನ್ನೆಲ್ಲ ಹೇಳಿ. ಹೊರಗಿನ ಕೋಣೆಯಲ್ಲಿ ಮಲಗುವ ದೂರದ ಅಜ್ಜಿಯನ್ನೂ ಹೇಳಿ, ಗಂಡನನ್ನು ಬಿಟ್ಟು ಬಂದು ತವರಲ್ಲಿ ಉಳಿದ ಅಕ್ಕನನ್ನೂ ಹೇಳಿ. ಆಕೆಯ ಹೆಸರು ಹೇಳಲು ನಾಚಿಕೊಳ್ಳುವ ಮನೆಗಳನ್ನು ನಾನು ಕಂಡಿದ್ದೇನೆ. ಅತಿಥಿ ಅಂತ ಹೇಳಿ ಜಾರಿಕೊಳ್ಳುತ್ತಾರೆ. ವರ್ಷಗಟ್ಟಲೆ ಉಳಿದವಳು ಅತಿಥಿ ಹೇಗಾಗುತ್ತಾಳೆ?

ನಮ್ಮ ಓಣಿಯಲ್ಲಿ ಜೇವರ್ಗಿ, ಅಫಜಲಪುರ, ಸುರಪುರ ಕಡೆಯ ಹುಡುಗರು ಒಂದು ಕೋಣೆ ಬಾಡಿಗೆ ಹಿಡಿದು ಸರ್ಕಾರಿ ಪರೀಕ್ಷೆಗೆ ಓದುತ್ತಾ ಇದ್ದಾರೆ. ಒಬ್ಬ ಅನ್ನ ಮಾಡುತ್ತಾನೆ, ಒಬ್ಬ ಬ್ಯಾಳಿ ಕುದಿಸುತ್ತಾನೆ, ರೊಟ್ಟಿ ಮಾತ್ರ ಹೊರಗಿನಿಂದ ತರುತ್ತಾರೆ. ಮನೆ ಬಾಡಿಗೆ ಕೊಡುವಾಗ "ಫ್ಯಾಮಿಲಿಗೆ ಅಷ್ಟೇ" ಅಂತ ಹೇಳಿ ಅವರನ್ನು ಎಷ್ಟೋ ಕಡೆ ವಾಪಸ್ ಕಳಿಸಿದ್ದಾರಂತೆ. ಜನಗಣತಿಯ ಲೆಕ್ಕಕ್ಕೆ ಅವರೆಲ್ಲ ಸೇರಿ ಒಂದು ಮನೆತನ. ಮುಖ್ಯಸ್ಥ ಯಾರು ಅಂತ ಎಣಿಸುವವರು ಕೇಳಿದಾಗ ಯಾವ ಹೆಸರು ಹೇಳಬೇಕು ಅಂತ ಅವರೇ ಮಾತಾಡಿಕೊಳ್ಳಬೇಕು. ನಾನು ಕೇಳಿದ್ದಕ್ಕೆ ಅಫಜಲಪುರದವನು ಹೇಳಿದ, "ಬ್ಯಾಳಿ ಕುದಸಾಂವನ ಹೆಸರು ಬರಸ್ತೀವ್ರಿ ಅಕ್ಕಾ."